ಒಣಗಿಸಿದ ಗಾಳಿ

ಕೊಳವೆ ಬಿಸಿಯಾಗಿತ್ತು.

ಫೋಟೋ ಅಕ್ಕ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯ ಹಾಗೆ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಳು. ಛಾವಣಿಯಿಂದ ಇಳಿದು, ಮೇಜಿನ ಮೇಲಿದ್ದ ಬಿಳಿ ಪೆಟ್ಟಿಗೆಯೊಳಕ್ಕೆ ಹೋಗುವ ಉಕ್ಕಿನ ಕೊಳವೆ ಅದು. ಪೆಟ್ಟಿಗೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ಅದರ ಮೂಲಕ. ಹೊರಗೆ ಮೈ ನಡುಗಿಸುವ ಚಳಿ. ಹೊರಗಿನ ಗಾಳಿ ಹರಿಯುವ ಕೊಳವೆ ಯಾಕೆ ಸುಡಬೇಕು?

"ಇದ್ಯಾಕೆ ಹೀಗೆ ಕಾದಿದೆ?"

ಸೇತುವೆ ಪಕ್ಕದ ಆ ಗಾಳಿ ಅಳೆಯುವ ಕೇಂದ್ರದ ವಿಜ್ಞಾನಿ ಕನ್ನಡಕ ತೆಗೆದು ಒರೆಸತೊಡಗಿದ. "ಅದು ಹಾಗೇ ಇರಬೇಕು ಮೇಡಂ."

ಸೇತುವೆಯ ಮೇಲೆ ಕೆಟ್ಟು ನಿಂತಿದ್ದ ಲಾರಿಗೆ ಬಸ್ಸು ಗುದ್ದಿ ಆರು ಜನ ಸತ್ತ ಬೆಳಿಗ್ಗೆ, ಗಾಳಿ ತಿಳಿಯಾಗಿತ್ತೆಂದು ಸಾಕ್ಷಿ ಹೇಳಿದ್ದು ಇದೇ ಪೆಟ್ಟಿಗೆ. ತನ್ನ ಮೂಗಿನ ಮುಂದಿನದೂ ಕಾಣುತ್ತಿರಲಿಲ್ಲ ಎಂದು ಬಡಕೊಂಡ ಬಸ್ಸಿನ ಚಾಲಕ ಜೈಲಿನಲ್ಲಿದ್ದ, ಈ ಮಧ್ಯಾಹ್ನ ನ್ಯಾಯಾಧೀಶರು ಅವನ ಹೇಳಿಕೆ ಪಡೆಯುವವರಿದ್ದರು.

ಅಷ್ಟರೊಳಗೆ ಪೆಟ್ಟಿಗೆಯ ಬಾಯಿ ಬಿಡಿಸಬೇಕಿತ್ತು. ಇಲ್ಲದಿದ್ದರೆ ಅವನ ಮಾತನ್ನು ನಂಬುವವರು ಇಬ್ಬರೇ. ಒಬ್ಬಳು, ಈ ಕೋಣೆಯ ಬಾಗಿಲಲ್ಲಿ ಶಾಲು ಬಿಗಿದುಕೊಂಡು ನಿಂತಿದ್ದ ಅವನ ಹೆಂಡತಿ. ಇನ್ನೊಬ್ಬಳು ಫೋಟೋ ಅಕ್ಕ.

ಪೊಲೀಸರಿಗೆ ಅಪಘಾತದ ಫೋಟೋ ತೆಗೆಯುತ್ತ ಅರ್ಧ ಆಯುಷ್ಯ ಕಳೆದವಳು ಅವಳು. ಈಗ ಯಾರೂ ಕೇಳುವವರಿಲ್ಲದ ಜನರ ಪರವಾಗಿ ಸತ್ಯ ಹುಡುಕುವುದೇ ಕೆಲಸ. ಅವಳ ನಿಜವಾದ ಹೆಸರು ಅವಳ ಅಕ್ಕನ ಗಂಡನಿಗೂ ಮರೆತುಹೋಗಿರಬಹುದು. ಆ ಭಾವನನ್ನು ಅವಳು ಬೆಳಿಗ್ಗೆಯೇ ನ್ಯಾಯಾಲಯದಲ್ಲಿ ಕೂರಿಸಿ ಬಂದಿದ್ದಳು. "ಕಾಯೋ ಕೆಲಸ ನನಗೆ ಬಿಡು. ಮದುವೆಯಾದಾಗಿನಿಂದ ನಿಮ್ಮಕ್ಕ ಸಿಂಗರಿಸಿಕೊಳ್ಳೋದನ್ನ ಕಾದು ಕಾದು ಅಭ್ಯಾಸ ಆಗಿದೆ" ಎಂದು ಆತ ಖುಷಿಯಿಂದಲೇ ಕೂತಿದ್ದ.

"ಇಲ್ಲಿ ಬನ್ನಿ." ಫೋಟೋ ಅಕ್ಕ ವಿಜ್ಞಾನಿಯನ್ನು ಕಿಟಕಿಯ ಬಳಿಗೆ ಕರೆದಳು. "ಆಚೆ ದಡದಲ್ಲಿ ಒಂದು ನೀರಿನ ಟ್ಯಾಂಕಿದೆ ಅಲ್ವಾ? ಕಾಣ್ತಾ ಇದೆಯಾ?"

ಕಿಟಕಿಯಾಚೆ ಹಾಲು ಬೆರೆಸಿದ ನೀರಿನಂಥ ಬೆಳಕು. ಸೇತುವೆಯ ಮೊದಲ ಒಂದೆರಡು ದೀಪದ ಕಂಬಗಳು ಮಸುಕಾಗಿ ಕಾಣುತ್ತಿದ್ದವು. ಅಲ್ಲಿಂದಾಚೆಗೆ ಸೇತುವೆಯೂ ಇಲ್ಲ, ನದಿಯೂ ಇಲ್ಲ, ಆಚೆ ದಡವೂ ಇಲ್ಲ.

"ಇಲ್ಲ."

"ನಿಮ್ಮ ಪೆಟ್ಟಿಗೆ ಏನು ಹೇಳ್ತಾ ಇದೆ?"

ವಿಜ್ಞಾನಿ ಪೆಟ್ಟಿಗೆಯ ಅಂಕಿ ತೋರಿಸುವ ತೆರೆಯ ಕಡೆ ತಿರುಗಲಿಲ್ಲ. ತಿರುಗಿ ನೋಡಿದ್ದು ಚಾಲಕನ ಹೆಂಡತಿ. ಕಾಣುವ ದೂರ, ಎರಡು ಕಿಲೋಮೀಟರಿಗೂ ಮೇಲೆ. ಅವಳು ಅದನ್ನು ಗಟ್ಟಿಯಾಗಿ ಓದಿದಳು.

"ಎರಡು ಕಿಲೋಮೀಟರಾ? ಸ್ವಾಮಿ, ಟ್ಯಾಂಕು ಒಂದು ಕಿಲೋಮೀಟರ್ ದೂರಾನೂ ಇಲ್ಲ. ನಾನು ದಿನಾ ನಡೆಯೋ ದಾರಿ ಅದು!"

"ಮನುಷ್ಯರ ಕಣ್ಣು ಅಷ್ಟು ನಂಬೋ ಹಾಗಿರಲ್ಲ ಅಮ್ಮ. ಒಬ್ಬರಿಗೆ ಕಂಡಿದ್ದು ಇನ್ನೊಬ್ಬರಿಗೆ…"

"ನಮ್ಮ ಮೂವರಿಗೂ ಒಟ್ಟಿಗೇ ಕಣ್ಣು ಹೋಯ್ತಾ ಹಾಗಾದ್ರೆ?"

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಹಿರಿಯರ ಕಾಲದಲ್ಲಿ ಅಂಗೈಯನ್ನೇ ನಂಬದೆ ಕನ್ನಡಿಯನ್ನು ನಂಬುವ ಜನ ಇನ್ನೂ ಹುಟ್ಟಿರಲಿಲ್ಲ.

ಆಗಲೇ ಹೊರಗೆ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಸೇತುವೆಗೆ ಏರಿತು. ಮುಂದಿನ ದೀಪಗಳ ಎದುರು ಬಿಳಿ ಗೋಡೆ ಎದ್ದು ನಿಂತಿತು. ಬಸ್ಸು ಆ ಗೋಡೆಯೊಳಗೆ ಕರಗಿ ಹೋಯಿತು. ಸೇತುವೆಯ ಬಾಯಲ್ಲಿದ್ದ ಫಲಕ ಹಸಿರಾಗಿಯೇ ಉರಿಯುತ್ತಿತ್ತು. ಕಾಣುವ ದೂರ ಇನ್ನೂರು ಮೀಟರಿಗಿಂತ ಕಡಿಮೆಯಾದರೆ ಅದು ಕೆಂಪಾಗಬೇಕು, ವಾಹನಗಳು ನಿಲ್ಲಬೇಕು. ಹಾಗೆಂದೇ ಈ ಪೆಟ್ಟಿಗೆಯಿಂದ ಆ ಫಲಕಕ್ಕೆ ತಂತಿ ಎಳೆದಿದ್ದರು.

"ನೋಡಿ, ನೋಡಿ! ಈಗಲೂ ಬಿಡ್ತಾ ಇದಾರೆ!" ಚಾಲಕನ ಹೆಂಡತಿಯ ದನಿ ಒಡೆಯಿತು. "ಆರು ಜನ ಹೋದದ್ದು ಸಾಲದಾ ನಿಮಗೆ?"

ಫೋಟೋ ಅಕ್ಕ ಅವಳ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ತನ್ನ ಚೀಲದಿಂದ ಒಂದು ದೊಡ್ಡ ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

ಬಸ್ಸಿನಲ್ಲಿದ್ದ ಪ್ರಯಾಣಿಕನೊಬ್ಬ ಗುದ್ದಿದ ಮರುಗಳಿಗೆಯಲ್ಲೇ ಮೊಬೈಲಿನಲ್ಲಿ ತೆಗೆದ ಚಿತ್ರ. ಮುಂಭಾಗದಲ್ಲಿ ಅವನದೇ ಬೆರಳು, ಒಡೆದ ಗಾಜು. ಅದರಾಚೆ ಬರೀ ಬಿಳುಪು.

"ಎದುರು ವಕೀಲರು ಇದನ್ನ ಲಾರಿಯ ಹೊಗೆ ಅಂದ್ರು. ನಾನು ಬೆಂಕಿ ಬಿದ್ದ ಮನೆಗಳದ್ದು ಎಷ್ಟೋ ಫೋಟೋ ತೆಗೆದಿದೀನಿ. ಹೊಗೆ ಮುದ್ದೆಮುದ್ದೆಯಾಗಿ ಬರತ್ತೆ. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಇಲ್ಲಿ ನೋಡಿ, ನಾಲ್ಕು ಮೂಲೆಗೂ ಒಂದೇ ಸಮ ಸುಣ್ಣ ಬಳಿದ ಹಾಗಿದೆ. ಫ್ಲಾಷ್ ಬೆಳಕು ಲಾರಿವರೆಗೆ ಹೋಗೇ ಇಲ್ಲ. ದಾರೀಲೇ ಚದುರಿ ವಾಪಸ್ ಬಂದಿದೆ. ಬೆಳಕನ್ನ ಚದುರಿಸೋದು ಏನು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

ವಿಜ್ಞಾನಿ ಫೋಟೋವನ್ನು ಬಹಳ ಹೊತ್ತು ನೋಡಿದ. ಕೆಟ್ಟ ಮನುಷ್ಯನ ಮುಖವಲ್ಲ ಅದು. ದೇವರ ಮುಂದೆ ನಿಂತು ಕಣ್ಣು ಮುಚ್ಚಿಕೊಳ್ಳುವವರಲ್ಲಿ ಎರಡು ಥರ. ಕೆಲವರು ಒಳಗೆ ನೋಡಲು ಮುಚ್ಚುತ್ತಾರೆ, ಕೆಲವರು ಹೊರಗೆ ನೋಡದಿರಲು. ಈತ ಎರಡನೆಯ ಸಾಲಿನವನು.

"ಪೆಟ್ಟಿಗೆ ಸುಳ್ಳು ಹೇಳಲ್ಲ" ಎಂದ, ಮೆಲ್ಲಗೆ.

"ನಾನೂ ಹಾಗಂದೆನಾ? ಅದರೊಳಗೆ ಏನು ನಡೆಯತ್ತೆ, ಅದನ್ನ ಹೇಳಿ. ಇವಳಿಗೆ ಅರ್ಥ ಆಗೋ ಹಾಗೆ ಹೇಳಿ. ಜೈಲಲ್ಲಿರೋದು ಇವಳ ಗಂಡ."

ವಿಜ್ಞಾನಿ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಈ ಬಗ್ಗೆ ಮಾತಾಡುವಾಗ ಅವನ ದನಿಗೆ ತಾನಾಗಿಯೇ ಪ್ರೀತಿ ಬಂದುಬಿಟ್ಟಿತು.

"ಒಳಗೆ ಪೂರ್ತಿ ಕತ್ತಲೆ ಅಮ್ಮ. ಒಂದು ದೀಪ ಇದೆ. ಬೆಳಕನ್ನ ನೋಡೋ ಒಂದು ಕಣ್ಣಿದೆ, ಆದ್ರೆ ಅದು ದೀಪದ ಎದುರಿಗಿಲ್ಲ, ಪಕ್ಕದಲ್ಲಿದೆ. ಗಾಳಿ ಶುದ್ಧವಾಗಿದ್ರೆ ಬೆಳಕು ನೆಟ್ಟಗೆ ಹೋಗ್ಬಿಡತ್ತೆ, ಪಕ್ಕದ ಕಣ್ಣಿಗೆ ಹೆಚ್ಚೇನೂ ಕಾಣಲ್ಲ. ಗಾಳೀಲಿ ಸಣ್ಣ ಸಣ್ಣ ಕಣ ಇದ್ರೆ ಬೆಳಕು ಅವಕ್ಕೆ ತಾಗಿ ಚದುರತ್ತೆ. ಬೆಳಕಿಂಡಿಯಿಂದ ಬಿಸಿಲುಕೋಲು ಬಿದ್ದಾಗ ಅದರಲ್ಲಿ ಧೂಳು ಕುಣಿಯೋದು ಕಾಣತ್ತಲ್ಲ, ಹಾಗೆ. ಎಷ್ಟು ಚದುರತ್ತೋ ಅಷ್ಟು ನಮಗೆ ದೂರದ್ದು ಕಾಣೋದು ಕಡಿಮೆ. ಆ ಲೆಕ್ಕವೇ ಅಲ್ಲಿ ತೆರೆ ಮೇಲೆ ಬರೋದು."

"ಸರಿ. ಕೊಳವೆ ಯಾಕೆ ಬಿಸಿ?"

ಪ್ರೀತಿಯ ದನಿ ಅಲ್ಲಿಗೆ ನಿಂತಿತು.

"ಗಾಳಿ ಒಣಗಿಸೋಕೆ."

"ಯಾಕೆ ಒಣಗಿಸಬೇಕು?"

"ನಾವು ಅಳೆಯಬೇಕಾಗಿರೋದು ಧೂಳನ್ನ, ನೀರನ್ನಲ್ಲ. ನದಿ ಮೇಲ್ಗಡೆ ಗೊಬ್ಬರದ ಕಾರ್ಖಾನೆ ಇದೆ. ಅಲ್ಲಿಂದ ಬರೋ ಕಣ ಉಪ್ಪಿನ ಥರದ್ದು. ತೇವ ಸಿಕ್ಕಿದ್ರೆ ನೀರು ಹೀರಿ ಉಬ್ಬತ್ತೆ. ಇವತ್ತು ತೇವ ಜಾಸ್ತಿ, ನಾಳೆ ಕಡಿಮೆ. ಒಣಗಿಸದೆ ಅಳೆದ್ರೆ ಇವತ್ತಿನ ಧೂಳನ್ನ ನಾಳಿನದರ ಜೊತೆ ಹೋಲಿಸೋಕಾಗಲ್ಲ. ಅದಕ್ಕೆ ಗಾಳೀನ ಬಿಸಿ ಮಾಡಿ ನೀರು ತೆಗೆದು ಆಮೇಲೆ ಅಳೀತೀವಿ. ಧೂಳು ಅಳೆಯೋರು ಹೀಗೇ ಮಾಡೋದು. ಇದರಲ್ಲಿ ತಪ್ಪಿಲ್ಲ."

ಚಾಲಕನ ಹೆಂಡತಿ ನಿಧಾನಕ್ಕೆ ಎದ್ದಳು.

"ಉಬ್ಬಿದ ಕಣ ಒಣಗಿದ್ರೆ?"

"ಸಣ್ಣದಾಗತ್ತೆ. ಮಂಜಿನ ಹನಿ ಆದ್ರೆ ಆರಿ ಹೋಗತ್ತೆ."

"ಅಂದ್ರೆ ಹೊರಗಡೆ ನಮ್ಮವರ ಕಣ್ಣಿಗೆ ಅಡ್ಡ ಬಂದದ್ದನ್ನ, ನೀವು ಒಳಗೆ ತಗೊಂಡು, ಆರಿಸಿ, ಆಮೇಲೆ ಏನೂ ಇಲ್ಲ ಅಂತ ಹೇಳಿದ್ರಿ."

ವಿಜ್ಞಾನಿ ಮತ್ತೆ ಕನ್ನಡಕ ಒರೆಸತೊಡಗಿದ. ಅವಳು ಬಿಡಲಿಲ್ಲ.

"ಒದ್ದೆ ಬಟ್ಟೇನ ಇಸ್ತ್ರಿ ಮಾಡಿ ತಂದು ಕೋರ್ಟಲ್ಲಿ ತೋರಿಸಿ, ನೋಡಿ ಸ್ವಾಮಿ, ಮಳೆನೇ ಬಂದಿರಲಿಲ್ಲ ಅಂದ ಹಾಗಾಯ್ತಲ್ಲ! ನೀವು ಓದಿದೋರಾ, ಏನು?"

ಬೈಗುಳವೂ ಕೆಲವೊಮ್ಮೆ ಪ್ರಾರ್ಥನೆಯಷ್ಟೇ ಶುದ್ಧವಾಗಿರುತ್ತದೆ. ಪೆಟ್ಟಿಗೆಯ ಪಂಪು ಮಾತ್ರ ಸಣ್ಣಗೆ ಗುಂಯ್ ಎನ್ನುತ್ತ ಗಾಳಿ ಹೀರುತ್ತಲೇ ಇತ್ತು.

"ನಾನು ಕೊಟ್ಟಿದ್ದು ಧೂಳಿನ ಅಳತೆ" ಎಂದ ವಿಜ್ಞಾನಿ. "ಅದನ್ನ ಫಲಕಕ್ಕೆ ಜೋಡಿಸಿದ್ದು ಸೇತುವೆ ಆಫೀಸಿನವರು."

"ಹಸಿರು ಸಾಹೇಬರು" ಎಂದಳು ಫೋಟೋ ಅಕ್ಕ.

ಸೇತುವೆಯ ಮುಖ್ಯಾಧಿಕಾರಿಗೆ ಜನ ಇಟ್ಟ ಹೆಸರದು. ಬೇರೆ ಸೇತುವೆಗಳ ಫಲಕ ಚಳಿಗಾಲದಲ್ಲಿ ದಿನ ಬಿಟ್ಟು ದಿನ ಕೆಂಪಾದರೂ ಆತನದು ಆಗುತ್ತಿರಲಿಲ್ಲ. ಅದಕ್ಕಾಗಿ ಆತನಿಗೆ ಸನ್ಮಾನವೂ ಆಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರಿಗೆ ಹಾರ ಹಾಕುವವರಿಗೂ ಬರವಿಲ್ಲ.

"ಜೋಡಿಸುವಾಗ ನೀವು ಹೇಳಲಿಲ್ವಾ, ಇದು ಒಣಗಾಳಿ ಅಂತ?"

"ಹೇಳಿದೆ! ಆಣೆ ಇಟ್ಟು ಹೇಳ್ತೀನಿ, ಹೇಳಿದೆ. ಹೋದ ವರ್ಷ ಫಲಕ ಜೋಡಿಸಿದಾಗ ಆಫೀಸಿನವರು ಕೇಳಿಕೊಂಡ್ರು ಅಂತ ಹೀಟರ್ ಆಫ್ ಮಾಡಿಯೇ ಇಟ್ಟಿದ್ದೆ. ಫಲಕ ಬೆಳಬೆಳಿಗ್ಗೆ ಕೆಂಪಾಗೋಕೆ ಶುರುವಾಯ್ತು. ವಾಹನ ಎರಡೂ ಕಡೆ ಸಾಲು ನಿಂತವು. ಸಾಹೇಬರು ಬಂದು, ನಗ್ತಾ ನಗ್ತಾ, ಟೀ ತರಿಸಿ ಕುಡಿದು ಹೇಳಿದ್ರು. ಡಾಕ್ಟ್ರೇ, ನಿಮ್ಮ ಕೇಂದ್ರದ ಪದ್ಧತಿ ಏನಿದೆಯೋ ಹಾಗೇ ನಡೆಸಿ, ನಮಗೋಸ್ಕರ ಪದ್ಧತಿ ಮುರೀಬೇಡಿ ಅಂತ."

"ನಿಮ್ಮ ಪದ್ಧತಿ ಅಂದ್ರೆ ಹೀಟರ್ ಆನ್."

"ಹೂಂ."

"ಅವರಿಗೆ ಅದು ಗೊತ್ತಿತ್ತು."

"ನಾನೇ ಹೇಳಿಕೊಟ್ಟಿದ್ದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕಂಡಿದ್ದೇವೆ. ಇಲ್ಲಿ ಬೆಕ್ಕು ತನ್ನ ಕಣ್ಣನ್ನು ಬಿಟ್ಟುಕೊಂಡೇ ಇತ್ತು. ಮುಚ್ಚಿಸಿದ್ದು ಊರಿನ ಕಣ್ಣನ್ನು. ಅದೂ ಎಂಥ ನಯವಾದ ಕೈಯಿಂದ! ಒಂದು ಸುಳ್ಳು ಆಡಲಿಲ್ಲ, ಒಂದು ತಂತಿ ಕತ್ತರಿಸಲಿಲ್ಲ. ಒಬ್ಬ ಪ್ರಾಮಾಣಿಕನಿಗೆ ಪ್ರಾಮಾಣಿಕನಾಗಿಯೇ ಇರು ಎಂದು ಹೇಳಿ ಹೋದ.

"ಕೋರ್ಟಿಗೆ ಏನಂತ ಬರೆದುಕೊಟ್ರಿ?" ಫೋಟೋ ಅಕ್ಕನ ದನಿ ಏರಲಿಲ್ಲ. ಏರದ ದನಿಯೇ ಹೆಚ್ಚು ಸುಡುತ್ತಿತ್ತು.

"ಯಂತ್ರ ಸರಿಯಾಗಿ ಕೆಲಸ ಮಾಡ್ತಾ ಇತ್ತಾ ಅಂತ ಕೇಳಿದ್ರು. ಹೌದು ಅಂದೆ. ತೋರಿಸಿದ್ದೆಷ್ಟು ಅಂದ್ರು. ಎರಡು ಕಿಲೋಮೀಟರ್ ಅಂದೆ. ಮುಂದೆ ಯಾರೂ ಏನೂ ಕೇಳಲಿಲ್ಲ."

"ಕೇಳದಿದ್ರೆ ಹೇಳಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಆರು ಹೆಣ ಸಾಲಾಗಿ ಮಲಗಿಸಿದ್ರಲ್ಲ, ಅವು ಕೇಳ್ತಿರಲಿಲ್ವಾ ನಿಮ್ಮನ್ನ?"

ಫೋಟೋ ಅಕ್ಕ ಕೊಳವೆಗೆ ಸುತ್ತಿದ್ದ ಹೀಟರಿನ ವಯರನ್ನು ಕಣ್ಣಿನಲ್ಲೇ ಹಿಂಬಾಲಿಸಿದಳು. ಅದು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಬಗ್ಗಿ ಕಿತ್ತಳು.

"ಮೇಡಂ! ಹಾಗೆಲ್ಲ ಮಾಡೋ ಹಾಗಿಲ್ಲ, ಮೇಲಿನಿಂದ ಅನುಮತಿ…"

"ಮೇಲಿನಿಂದ ಬರ್ತಾ ಇರೋದು ಗಾಳಿ. ಅದರ ಅನುಮತಿ ಸಿಕ್ಕಿದೆ."

ಕಾದರು. ಕೊಳವೆ ಆರಬೇಕಿತ್ತು. ಮೂವರೂ ತೆರೆಯ ಮುಂದೆ, ರೋಗಿಯ ಮಂಚದ ಪಕ್ಕ ಕುಳಿತವರ ಹಾಗೆ ಕುಳಿತರು. ಚಾಲಕನ ಹೆಂಡತಿಯ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಶಾಪವೋ ತಿಳಿಯುವಂತಿರಲಿಲ್ಲ.

ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಕಿ ಒಂದಿಷ್ಟು ಅಲ್ಲಾಡಿತು. ಎರಡು ಕಿಲೋಮೀಟರು ಒಂದೂವರೆಯಾಯಿತು. ಒಂದಾಯಿತು. ಬೆಟ್ಟದಿಂದ ಜಾರಿದ ಕಲ್ಲು ಕೆಳಗೆ ಬರುಬರುತ್ತ ಓಟ ಹೆಚ್ಚಿಸುವ ಹಾಗೆ ಇಳಿಯತೊಡಗಿತು. ಆರುನೂರು ಮೀಟರು. ನಾನೂರು. ಇನ್ನೂರೈವತ್ತು.

ನೂರ ಎಂಬತ್ತು.

ಕಿಟಕಿಯಾಚೆಯ ಬಿಳುಪಿಗೆ ಇದ್ದಕ್ಕಿದ್ದಂತೆ ಕೆಂಪು ಹತ್ತಿತು. ಫಲಕ ಕೆಂಪಿಗೆ ತಿರುಗಿತ್ತು. ಸೇತುವೆಗೆ ಏರಲು ಬಂದ ಟ್ಯಾಂಕರೊಂದು ಕೀಚೆಂದು ಬ್ರೇಕ್ ಹಾಕಿ ನಿಂತಿತು.

ಚಾಲಕನ ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಇಷ್ಟೇನಾ? ಒಂದು ಪ್ಲಗ್ಗು? ಇದೊಂದು ಕಿತ್ತಿದ್ರೆ ಅವತ್ತು ನಮ್ಮವರು ಈಚೆ ದಡದಲ್ಲೇ ನಿಂತು ಟೀ ಕುಡೀತಾ ಇರ್ತಿದ್ರು. ಆ ಆರು ಜನಾನೂ ಗೊಣಗ್ತಾ ಬಸ್ಸಲ್ಲೇ ಕೂತಿರ್ತಿದ್ರು. ಬದುಕಿ ಗೊಣಗ್ತಿದ್ರು!"

ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ವಿಜ್ಞಾನಿ ಎತ್ತಿಕೊಂಡ. ಆಚೆ ಕಡೆಯ ಗದರಿಕೆ ಕೋಣೆಗೆಲ್ಲ ಕೇಳಿಸಿತು. ಸೇತುವೆ ಆಫೀಸು. ಯಾರ್ರೀ ಅದು ಕೆಂಪು ಹಾಕಿದ್ದು? ಯಾರನ್ನ ಕೇಳಿ ಹಾಕಿದ್ರಿ?

ವಿಜ್ಞಾನಿ ಕೆಂಪಾದ ಕಿಟಕಿಯನ್ನು ನೋಡಿದ. ಮೇಜಿನ ಮೇಲಿನ ಫೋಟೋ ನೋಡಿದ.

"ಗಾಳಿ ಹಾಕಿದ್ದು ಸರ್" ಎಂದ. ಫೋನಿಟ್ಟ.

ಆಮೇಲೆ ಗೂಟದಲ್ಲಿದ್ದ ಕೋಟು ತೆಗೆದುಕೊಂಡ. ತೋಳಿಗೆ ಕೈ ಹೋಗದೆ ಎರಡು ಸಲ ತಡವರಿಸಿದ. "ಮಧ್ಯಾಹ್ನ ಎಷ್ಟು ಹೊತ್ತಿಗೆ ಕೋರ್ಟು? ನಾನು ಬರ್ತೀನಿ. ನ್ಯಾಯಾಧೀಶರು ಕೇಳಲಿ ಬಿಡಲಿ, ಈ ಸಲ ನಾನೇ ಹೇಳ್ತೀನಿ."

"ಅಮ್ಮಾ" ಎಂದು ಚಾಲಕನ ಹೆಂಡತಿಯ ಕಡೆ ತಿರುಗಿದ. ಕೈ ಮುಗಿದ.

"ಕ್ಷಮೆ ಗಿಮೆ ಆಮೇಲೆ" ಎಂದಳು ಅವಳು. "ಮೊದಲು ನಮ್ಮವರನ್ನ ಬಿಡಿಸಿ. ಆಮೇಲೆ ನಿಮ್ಮನ್ನ ಬೈಯೋಕೆ ನನಗೆ ಬೇಕಾದಷ್ಟು ಪುರುಸೊತ್ತಿದೆ." ಆದರೆ ಅವಳ ಕಣ್ಣಲ್ಲಿ, ಎಷ್ಟೋ ವಾರಗಳ ನಂತರ, ಒಂದು ಹನಿ ಬೆಳಕಿತ್ತು.

ಅವರು ಮೆಟ್ಟಿಲಿಳಿದು ಟ್ಯಾಕ್ಸಿಯ ಬಾಗಿಲು ತೆಗೆಯುವ ಹೊತ್ತಿಗೆ ಫೋಟೋ ಅಕ್ಕನ ಮೊಬೈಲು ಮೊಳಗಿತು. ಭಾವ. ಎಲ್ಲರಿಗೂ ಕೇಳಲೆಂದು ಅವಳು ಸ್ಪೀಕರ್ ಒತ್ತಿದಳು.

"ಭಾವಾ, ಗೆದ್ವಿ! ವಿಜ್ಞಾನಿಗಳೇ ಬರ್ತಾ ಇದಾರೆ. ಒಂದು ಗಂಟೇಲಿ ಅಲ್ಲಿರ್ತೀವಿ."

"ಬಂದು ಏನು ಮಾಡ್ತೀಯಮ್ಮ?" ಭಾವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಮಧ್ಯಾಹ್ನ ಇದ್ದದ್ದನ್ನ ಈಗಲೇ ತಗೊಂಡ್ರು. ಹೇಳಿಕೆ ಮುಗೀತು."

"ಏನಂದ?"

"ಮಂಜೇ ಇರಲಿಲ್ಲ ಅಂದ. ಲಾರಿ ದೂರದಿಂದಲೇ ಕಾಣಬೇಕಿತ್ತು, ನಾನು ಸ್ಟೇರಿಂಗ್ ಮೇಲೆ ನಿದ್ದೆ ಹೋಗಿದ್ದೆ, ತಪ್ಪೆಲ್ಲ ನನ್ನದೇ ಅಂದ. ಎದುರು ವಕೀಲರೇ ಬೆಪ್ಪಾಗಿ ನಿಂತುಬಿಟ್ರು."

ಟ್ಯಾಕ್ಸಿಯ ಬಾಗಿಲ ಮೇಲಿದ್ದ ಚಾಲಕನ ಹೆಂಡತಿಯ ಕೈ ಅಲ್ಲೇ ಉಳಿಯಿತು.

"ಸುಳ್ಳು" ಎಂದಳು. "ಅವರು ಹಾಗೆ ಹೇಳೋರಲ್ಲ. ಜೈಲಲ್ಲಿ ಅಷ್ಟು ಹೊಡೆದ್ರೂ ಹೇಳಲಿಲ್ಲ. ಮೊನ್ನೆ ನನ್ನ ಕೈ ಹಿಡಿದು, ನಾನು ಕಣ್ಣು ಬಿಟ್ಕೊಂಡೇ ಇದ್ದೆ ಕಣೇ, ಕಾಣಲಿಲ್ಲ ಅಂತ ಅತ್ರು. ಇವತ್ತು ಹೇಗೆ… ಯಾರೋ ಏನೋ ಮಾಡಿದಾರೆ ಅಕ್ಕಾ!"

ಫೋಟೋ ಅಕ್ಕ ಕಣ್ಣು ಮುಚ್ಚಿದಳು. ಮನುಷ್ಯರ ಮುಖವನ್ನು ಚೌಕಟ್ಟಿನಲ್ಲಿಟ್ಟು ನೋಡಿ ನೋಡಿ ಅವಳು ಕಲಿತ ಒಂದು ಮಾತಿತ್ತು. ಬಾಯಿ ಏನು ಹೇಳಿತು ಎನ್ನುವುದಕ್ಕಿಂತ, ಹೇಳುವ ಮುಂಚೆ ಕಣ್ಣು ಎತ್ತ ಹೋಯಿತು ಎನ್ನುವುದು ದೊಡ್ಡದು.

"ಭಾವಾ, ಸರಿಯಾಗಿ ನೆನಪು ಮಾಡ್ಕೊಳ್ಳಿ. ಬಾಯಿ ಬಿಡೋಕೆ ಮುಂಚೆ ಅವನು ಯಾರ ಕಡೆ ನೋಡಿದ?"

"ಅವರಪ್ಪನ ಕಡೆ. ಹಿಂದಿನ ಬೆಂಚಲ್ಲಿ ಕೂತಿದ್ರು. ಮುದುಕರು ಅಳ್ತಾ ಅಳ್ತಾ ಹೂಂ ಅಂತ ತಲೆ ಆಡಿಸಿದ್ರು. ಆಮೇಲೆ ಇವನು ಮಾತಾಡಿದ."

"ಮಾವನಾ?" ಚಾಲಕನ ಹೆಂಡತಿ ಮೊಬೈಲಿನ ಮೇಲೆ ಬಗ್ಗಿದಳು. "ಮಾವ ಅಲ್ಲಿ ಹೇಗಿರ್ತಾರೆ? ಅವರು ಮನೇಲಿದಾರೆ. ಮಗಳನ್ನ ನೋಡ್ಕೊಳ್ಳಿ ಅಂತ ಅವರ ಕೈಗೇ ಕೊಟ್ಟು ಬಂದಿದೀನಿ ನಾನು."

ಮಾತು ಮುಗಿಸುವಷ್ಟರಲ್ಲಿ ಅದರ ಅರ್ಥ ಅವಳಿಗೇ ಹೊಳೆಯಿತು.

"ಅಣ್ಣಾ… ಅವರ ಜೊತೆ ಮಗು ಇದೆಯಾ? ನಾಲ್ಕು ವರ್ಷದ್ದು, ನೀಲಿ ಸ್ವೆಟರು. ನೋಡಿ, ಒಂದು ಸಲ ನೋಡಿ ಹೇಳಿ."

ಆ ಕಡೆ ಜನರ ಗದ್ದಲ, ಭಾವನ ಹೆಜ್ಜೆ ಸಪ್ಪಳ, ಬಾಗಿಲು ತೆರೆದ ಸದ್ದು. ಮತ್ತೆ ಅವನ ದನಿ ಬಂದಾಗ ಅದು ಪಿಸುಮಾತಾಗಿತ್ತು.

"ಇಲ್ಲಮ್ಮ. ಮುದುಕರೊಬ್ಬರೇ ಇದಾರೆ. ಕೇಳಿದ್ದಕ್ಕೆ ಬಾಯೇ ಬಿಡ್ತಿಲ್ಲ. ಕೈಯಲ್ಲಿ ಒಂದು ಪುಟ್ಟ ಶೂ ಗಟ್ಟಿಯಾಗಿ ಹಿಡ್ಕೊಂಡು ಕೂತಿದಾರೆ. ಒಂದೇ ಕಾಲಿನದು."